ಅಕ್ಕನ ಹೆಸರು ಹೊತ್ತವಳು

ಯೋಂಗ್‌ದೊ, ಬುಸಾನ್
ನವೆಂಬರ್ ೯

ಪ್ರೀತಿಯ ತಮ್ಮ ಗ್ಯುಹೊ,

ಹೇಗಿದ್ದೀಯಪ್ಪಾ? ಹಡಗಿನ ಊಟ ಸೇರುತ್ತಿದೆಯಾ? ಸೊಂಟನೋವು ತಗ್ಗಿತಾ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಕೈ ಸ್ವಲ್ಪ ತಡೆಯಿತು.

ಅಮ್ಮ ಹಳ್ಳಿಯಿಂದ ಬಂದಿದ್ದಾಳೆ. ಬುಸಾನ್ ತೋರಿಸೋಣವೆಂದು ರಜೆ ಹಾಕಿದೆ. ಹೆಉಂಡೆ ಕಡಲತೀರದ ಮರಳಿನ ಮೇಲೆ ನಿಲ್ಲಿಸಿದರೆ ಗಾಳಿ ಎಂದಳು. ಸೊಂಗ್‌ದೊದಲ್ಲಿ ಸಮುದ್ರದ ಮೇಲೆ ತೇಲುವ ಕೇಬಲ್ ಕಾರಿನಲ್ಲಿ ಕಣ್ಣು ಮುಚ್ಚಿಯೇ ಕುಳಿತಳು. ಜಗಲ್ಚಿ ಮಾರುಕಟ್ಟೆಯಲ್ಲಿ ಸುಟ್ಟ ಈಲು ಮೀನು ಕೊಡಿಸಿದೆ, ಮುಟ್ಟಲಿಲ್ಲ. "ನಂಗೆ ಅಮಿದೊಂಗ್ ತೋರ್ಸೇ ಇಂಜು, ಉಳಿದಿದ್ದೆಲ್ಲ ಬೇಡ" ಎಂದಳು. ಜಪಾನಿಯರ ಹಳೆಯ ಸ್ಮಶಾನದ ಮೇಲೆ ಯುದ್ಧದ ನಿರಾಶ್ರಿತರು ಮನೆ ಕಟ್ಟಿಕೊಂಡ ಗುಡ್ಡವದು. ಗೋರಿಗಲ್ಲುಗಳೇ ಅಲ್ಲಿ ಮೆಟ್ಟಿಲು, ಗೋಡೆ. ಈಗ ಹುಡುಗ ಹುಡುಗಿಯರು ಫೋಟೋಗೆಂದು ಬರುತ್ತಾರೆ.

ಏದುಸಿರು ಬಿಡುತ್ತ ಹತ್ತಿದ ಅಮ್ಮ ಒಂದು ನೀಲಿ ಬಾಗಿಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮನೆಯೊಡತಿ ಹೊರಗೆ ಬಂದು, "ಏನಜ್ಜಿ, ಫೋಟೋ ಸಾಲ್ದು ಅಂತ ಬಾಗಿಲಿಗೇ ಬಂದು ಕೂತ್ರಾ?" ಎಂದು ಚುಚ್ಚಿದಳು. "ನೀನು ಹುಟ್ಟೋಕೆ ಮುಂಚೆ ಇಲ್ಲೇ ಮಲಗ್ತಿದ್ದೋಳು ಕಣಮ್ಮಾ ನಾನು" ಎಂದಳು ಅಮ್ಮ. ಆಕೆ ಮೆತ್ತಗಾಗಿ ಬಾರ್ಲಿ ಚಹಾ ತಂದಳು. ಹಬ್ಬದ ದಿನ ಮೆಟ್ಟಿಲಾಗಿರುವ ಈ ಗೋರಿಗಲ್ಲಿನವನಿಗೂ ಒಂದು ಬಟ್ಟಲು ಅನ್ನ ಇಡುತ್ತೇವೆ, ಯಾರೋ ಏನೋ, ಅವನ ಜಾಗವಲ್ಲವೇ ಎಂದಳು.

ಅದನ್ನು ಕೇಳಿದ್ದೇ ಅಮ್ಮ ಒಳಗಿನ ಕತ್ತಲೆಗೆ ಮುಖ ಮಾಡಿ "ಮಾಲ್ಸುನ್!" ಎಂದು ಕೂಗಿದಳು. ತನ್ನ ಹೆಸರನ್ನೇ!

ನಿಜವಾದ ಮಾಲ್ಸುನ್ ಅಮ್ಮನ ಅಕ್ಕನಂತೆ. ಯುದ್ಧದ ಚಳಿಗಾಲದಲ್ಲಿ, ಎಂಟು ವರ್ಷಕ್ಕೆ, ಆ ಕೋಣೆಯಲ್ಲೇ ಜ್ವರ ಬಂದು ತೀರಿಕೊಂಡಳಂತೆ. ಆಗ ನಾಲ್ಕೈದು ವರ್ಷದವಳಾಗಿದ್ದ ಅಮ್ಮನ ಹುಟ್ಟನ್ನು ಸರ್ಕಾರಿ ದಾಖಲೆಯಲ್ಲಿ ಇನ್ನೂ ಬರೆಸಿರಲಿಲ್ಲ. ತಾತ ಸಾವನ್ನೂ ಬರೆಸಲಿಲ್ಲ, ಇದ್ದ ಹೆಸರನ್ನು ಬದುಕಿದವಳಿಗೆ ಕೊಟ್ಟ. "ಅವಳ ಹೆಸ್ರಲ್ಲೇ ಶಾಲೆಗೆ ಹೋದೆ, ಮದ್ವೆಯಾದೆ, ನಿಮ್ಮನ್ನ ಹೆತ್ತೆ. ಯಾರಾದ್ರೂ ಕೂಗಿದ್ರೆ ಮೊದ್ಲು ಅವಳು ತಿರುಗಿ ನೋಡ್ತಾಳೆ ಕಣೇ, ಆಮೇಲೆ ನಾನು. ಬದುಕಿರೋ ನನ್ನ ಹೆಸರಿಗೆ ತಿಥಿ ಹೇಗೆ ಮಾಡ್ಲಿ? ಗೊತ್ತಿಲ್ದೋನಿಗೆ ಇಲ್ಲಿ ಅನ್ನ ಇಡ್ತಾರೆ, ನಮ್ಮಕ್ಕ ಇವತ್ತಿನವರೆಗೂ ಹಸಿದಿದ್ದಾಳೆ."

ಇಳಿಯುವಾಗ ನಾನು ಹಿಂತಿರುಗಿ ನೋಡಲಿಲ್ಲ. ಅಮ್ಮ ಮಾತ್ರ ತಿರುವು ತಿರುವಿಗೂ ನಿಂತು, ಯಾರೋ ಹಿಂದುಳಿದಿದ್ದಾರೆ ಎನ್ನುವಂತೆ ಕಾದಳು.

ಮೈ ನೋಡಿಕೋ. ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಸಮುದ್ರ ನಿನ್ನನ್ನು ಜೋಪಾನವಾಗಿಡಲಿ.

ನಿನ್ನ ಅಕ್ಕ,
ಇಂಜು

ಮರೆತ ಮಾತು: ಡಿಸೆಂಬರ್ ಹುಣ್ಣಿಮೆಗೆ ದೊಡ್ಡಮ್ಮನ ತಿಥಿ ಮಾಡೋಣವೆಂದಿದ್ದೇನೆ. ಹೇಗಾದರೂ ಬಾ. ಅಮ್ಮ ಎದುರಿಗಿರುವಾಗ ಆ ಹೆಸರು ಬರೆದು ಅನ್ನವಿಡಲು ನನಗೊಬ್ಬಳಿಗೆ ಧೈರ್ಯ ಸಾಲದು. ಅಂದು ಅಮ್ಮನನ್ನು ಅವಳ ಸ್ವಂತ ಹೆಸರಿನಿಂದಲೇ ಕರೆಯಬೇಕಂತೆ, ದಲ್ಲೆ ಎಂದು. ಹೆತ್ತವಳನ್ನು ಹೆಸರು ಹಿಡಿದು ಕರೆಯುವುದೇ ಎಂದು ಅಳುಕಿದರೂ, ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಒಮ್ಮೆ ಕರೆದು ನೋಡಿದೆ. "ಓ" ಎಂದು ಓಗೊಟ್ಟದ್ದು ಪುಟ್ಟ ಹುಡುಗಿಯ ದನಿ. ಅಮ್ಮ ಬಂದು ನನ್ನ ಅಂಗಿಯ ಅಂಚು ಹಿಡಿದು ಕೇಳಿದಳು: "ಅಕ್ಕ ಎದ್ದಳಾ?"