ಹಗೆಯವನ ಪಕ್ಕದ ಗೋರಿ

ಮಾರ್ಚ್ ೩, ಸೋಮವಾರ

ಸಮಸ್ತ ಸತ್ತವರೂ, ಸಾಯಲು ಪುರುಸೊತ್ತಿಲ್ಲದವರೂ ಅವಧರಿಸಬೇಕು! ಎಂತ್ರೆ ರಿಯೋಸ್ ಸೀಮೆಯ ಹುಲ್ಲುಗಾವಲುಗಳ ಒಡತಿ, ಎಂಟು ಕೋಳಿಗಳ ಮಹಾರಾಣಿ ಫೇಗಾ ಎಂಬ ನಾನು, ಗೂಡು ಗುಡಿಸಿ ಬಂದು ಬರೆಸುವ ಶಾಸನವೇನೆಂದರೆ — ಅಜ್ಜಿ ಇವತ್ತೂ ಸರಿಯಾಗಿ ಉಣ್ಣಲಿಲ್ಲ.

ಕಾರಣ ಅಜ್ಜ ವೆಲ್ವೆಲ್. ಹೋದ ಚಳಿಗಾಲ ಹೊಳೆ ಉಕ್ಕಿದಾಗ ಸತ್ತ. ಸ್ಮಶಾನದಲ್ಲಿ ಒಣಗಿದ್ದ ಜಾಗ ಒಂದೇ. ಹೂಳುವ ಸಂಘದವರು ಅವಸರದಲ್ಲಿ ಅಲ್ಲೇ ಹೂತರು. ಒಂದು ಪಕ್ಕ ಬೇಲಿ. ಇನ್ನೊಂದು ಪಕ್ಕ ಮೊದಲೇ ಸತ್ತು ಮಲಗಿದ್ದ ನುಜಿಮ್ — ಅವನ ಗೂಳಿ ನಮ್ಮ ಬೇಲಿ ಮುರಿದಂದಿನಿಂದ ಅಜ್ಜನ ಜನ್ಮವೈರಿ.

"ನನಗೆಲ್ಲಿದೆ ಜಾಗ? ಬೇಲಿ ಮೇಲೆ ಮಲಗ್ಲಾ?" ಅಜ್ಜಿಯದು ಅದೇ ರಾಗ. ಅಳುವುದಿಲ್ಲ. ಅದೇ ನನಗೆ ಹೆದರಿಕೆ.

ಮಾರ್ಚ್ ೬, ಗುರುವಾರ

ಅಜ್ಜನನ್ನು ಬೇರೆಡೆ ಹೂಳಬಹುದೇ ಎಂದು ತೀರ್ಮಾನಿಸಲು ರಾಜಧಾನಿಯಿಂದ ನಮ್ಮ ಯೆಹೂದಿ ಗುರು, ಎಳೆಯ ರಬ್ಬಿ ದಮಿಯಾನ್ ಬಂದರು. "ಒಮ್ಮೆ ಮಣ್ಣಿಗಿಟ್ಟ ಮೂಳೆ ಅಲುಗಿಸಬಾರದಮ್ಮ. ಸತ್ತವರಿಗೆ ದಿಗಿಲಾಗುತ್ತೆ."

ನಮ್ಮೂರ ಮುದಿ ರಬ್ಬಿ ಲೇಸರ್ ಮೇಜು ಗುದ್ದಿದರು. "ಹಗೆಯವರನ್ನ ಅಕ್ಕಪಕ್ಕ ಹೂಳಬಾರದು ಅಂತಲೂ ಇದೆಯಲ್ಲಯ್ಯಾ! ಒಂದು ಬೆಂಚಲ್ಲಿ ಕೂರದವರು, ಸತ್ತವರೆಲ್ಲ ಎದ್ದು ಬರೋ ದಿನದವರೆಗೂ ಜೊತೆಗೆ ಮಲಗ್ತಾರಾ?"

"ಸಾಯೋವರೆಗೂ ಹಗೆ ಇತ್ತು ಅಂತ ಸಾಕ್ಷಿ ತನ್ನಿ. ಭಾನುವಾರ ನೋಡೋಣ."

ನಾನು ಬಾಯಿ ತೆರೆದೆ.

"ಮನೆಯವರ ಸಾಕ್ಷಿ ನಡೆಯಲ್ಲ ಮಗೂ."

ಮುಚ್ಚಿದೆ.

ಮಾರ್ಚ್ ೯, ಭಾನುವಾರ, ಸಂಜೆ

ಜಯಭೇರಿ! ಗಾಡಿ ಹೂಡಿ ಅರ್ಧ ಊರನ್ನೇ ತಂದು ಸುರಿದೆ.

ಬೇಕರಿಯ ಮೋತ್ಲ್: "ನುಜಿಮ್ ಪ್ರಾರ್ಥನೆ ಓದಿದ್ರೆ ವೆಲ್ವೆಲಣ್ಣ 'ಆಮೆನ್' ಅಂತಿರ್ಲಿಲ್ಲ ಸ್ವಾಮಿ. ಕೆಮ್ಮೋರು."

"ನುಜಿಮ್ ಏನು ಕಮ್ಮೀನಾ? ಇವ್ರ ಮಗಳ ಮದುವೆ ದಿನ ಉಪವಾಸ ಮಾಡಿದ್ದ!" ಹಿಂದಿನಿಂದ ಯಾರೋ.

ಆಗ ಎದ್ದಳು ನುಜಿಮನ ಹೆಂಡತಿ ಪೆರ್ಲಾ. ನಾನು ಮೋತ್ಲ್‌ನ ಬೆನ್ನ ಹಿಂದೆ ಸರಿದೆ.

"ಸಾಯುವಾಗ ನಮ್ಮನೆಯವರ ಕೊನೆ ಮಾತು — 'ಆ ವೆಲ್ವೆಲ್ ಮೋಸಗಾರ.' ಯಾಕೋ ನಗ್ತಾ ಇದ್ರು... ಒಯ್ಯಿರಿ. ನಮ್ಮವರೂ ನೆಮ್ಮದಿಯಾಗಿರಲಿ."

ರಬ್ಬಿ ದಮಿಯಾನ್ ಕೈಚೆಲ್ಲಿದರು. ಒಪ್ಪಿಗೆ!

ಮಾರ್ಚ್ ೧೮, ಮಂಗಳವಾರ

ಅಜ್ಜನ ಮೆರವಣಿಗೆ. ಅಗೆಯುವ ಮುಂಚೆ ರಬ್ಬಿ ಲೇಸರ್ ಗೋರಿಗೆ ಬಾಗಿ ಕ್ಷಮೆ ಕೇಳಿದರು. "ವೆಲ್ವೆಲ್, ತಪ್ಪು ತಿಳ್ಕೋಬೇಡಪ್ಪ. ನಿನ್ನ ಒಳ್ಳೇದಕ್ಕೇ."

ಈಗ ಸ್ಮಶಾನಕ್ಕೆ ಹೊಸದಾಗಿ ಸೇರಿಸಿದ ದಿಬ್ಬದ ಮೇಲಿದ್ದಾನೆ. ಪಕ್ಕದ ಜಾಗ ಅಜ್ಜಿಗೆ. ಅಲ್ಲಿ ನಿಂತು ಎರಡೂ ಕೈ ಚಾಚಿ ನೋಡಿದಳು.

"ಸಾಕು ಬಿಡು. ಮಗ್ಗುಲು ಬದಲಿಸೋಕೂ ಆಗುತ್ತೆ."

ಹೊತ್ತು ಮುಳುಗುವವರೆಗೆ ನೆಲದ ಮೇಲೆ ಕೂತು ಮತ್ತೆ ಸೂತಕ. ಮುಳುಗಿದ್ದೇ ತಡ, ಅಜ್ಜಿ ಎರಡು ತಟ್ಟೆ ಸಾರು, ಬ್ರೆಡ್ಡು. ನನ್ನ ತಟ್ಟೆಗೂ ಕೈ ಹಾಕಿದಳು!

ಮಾರ್ಚ್ ೨೧, ಶುಕ್ರವಾರ

ಬೆಳಗ್ಗೆ ಹೊಳೆದಂಡೆಗೆ ಹೋಗಿದ್ದೆ. ಸುಮ್ಮನೆ. ಬರುವಾಗ ನುಜಿಮನ ಗೋರಿಯ ಮೇಲೆ, ನಮ್ಮವರ ವಾಡಿಕೆಯಂತೆ, ನೆನಪಿಗೊಂದು ಕಲ್ಲಿಟ್ಟೆ. ಪಾಪ, ಒಬ್ಬನೇ.

ಅಂದಹಾಗೆ, ಒಂದು ಸಣ್ಣ ವಿಷಯ. ಶುಕ್ರವಾರ ಬೆಳಗ್ಗೆಯೆಂದರೆ ಆ ಹೊಳೆದಂಡೆಯಲ್ಲಿ, ಮರದ ಹಿಂದೆ, ಅಜ್ಜನೂ ನುಜಿಮನೂ ಒಂದೇ ಸೋರೆಬುರುಡೆಯಲ್ಲಿ 'ಮಾತೆ' ಎಂಬ ಸೊಪ್ಪಿನ ಕಷಾಯ ಹೀರುತ್ತ ಇಸ್ಪೀಟು ಆಡುತ್ತಿದ್ದರು. ಅಜ್ಜ ಮೋಸ ಮಾಡುತ್ತಿದ್ದ. ಊರಿಗೆ ಗೊತ್ತಾದರೆ ಇಬ್ಬರ ಮಾನವೂ ಹೋದೀತೆಂದು ಕಾವಲು ನಿಲ್ಲುತ್ತಿದ್ದವಳು — ಎಂಟು ಕೋಳಿಗಳ ಮಹಾರಾಣಿ ಫೇಗಾ.