ಮೇಲಿನ ತೋಟಕ್ಕೆ ನೆರಳು

ನವೆಂಬರ್ ೧೪, ಗುರುವಾರ

ಕೆಳಗಿನ ತೋಟದ ನೆರಳಿನ ಮರಗಳನ್ನು ಉರುಳಿಸಲು ಅಕ್ಕ ಕರೆಸಿದ್ದ ಗರಗಸದವನು ಇವತ್ತೇ ಬರುವವನಿದ್ದ. ಮೇಲಿನ ತೋಟದ ಮರಗಳನ್ನು ಕಡಿಸಿದ ಮರುವರ್ಷ ಕಾಫಿ ಗಿಡಗಳು ಮೈತುಂಬ ಕಾಯಿ ಬಿಟ್ಟಿದ್ದವು. ಅಂದಿನಿಂದ ಕಾಫಿಗೆ ನೆರಳು ಬೇಕೆಂಬ ನನ್ನ ಮಾತು ಅವಳ ಮುಂದೆ ನಡೆಯುತ್ತಿರಲಿಲ್ಲ.

ಅವನು ಬರುವ ಮೊದಲೇ ಅಕ್ಕನನ್ನು ಮೇಲಿನ ತೋಟಕ್ಕೆ ಎಳೆದುಕೊಂಡು ಹೋದೆ. ಸುಡುಬಿಸಿಲು. ಎಲೆಗಳು ಹಳದಿಯಾಗಿ ಮುದುಡಿದ್ದವು. ಹೋದ ವರ್ಷ ಹೊರಲಾರದಷ್ಟು ಹೊತ್ತ ರೆಂಬೆಗಳು ತುದಿಯಿಂದ ಒಣಗುತ್ತಿದ್ದವು.

"ಬಿಸಿಲು ಹೆಚ್ಚಾದ್ರೆ ಎಲೆ ಉಸಿರು ಬಿಗಿಹಿಡಿಯುತ್ತೆ ಕಣೇ. ನೀರು ಹೋಗ್ಬಾರ್ದು ಅಂತ ರಂಧ್ರಗಳನ್ನೆಲ್ಲ ಮುಚ್ಕೊಳ್ಳುತ್ತೆ. ಆಮೇಲೆ ಗಿಡಕ್ಕೆ ಅಡುಗೆ ಹೇಗೆ ಮಾಡುತ್ತೆ?" ಎಂದೆ.

ಕೆಳಗಿನ ತೋಟಕ್ಕೆ ಇಳಿದೆವು. ಅಲ್ಲಿ ಎಲೆಗಳು ಅಗಲವಾಗಿ ಕಡುಹಸಿರಾಗಿದ್ದವು, ಮುಟ್ಟಿದರೆ ತಣ್ಣಗೆ. ಹಣ್ಣು ಕಡಿಮೆಯೇ, ಆದರೆ ಒಂದೊಂದೂ ನಿಧಾನವಾಗಿ ಮಾಗಿ ತುಂಬಿಕೊಂಡಿತ್ತು. ಅಕ್ಕ ಒಂದನ್ನು ಕಿತ್ತು ಚೀಪಿದಳು. ಎಷ್ಟು ಸಿಹಿಯೇ ಎಂದು ಇನ್ನೊಂದನ್ನೂ ಚೀಪಿದಳು.

"ಇಷ್ಟು ದಿನ ಬರೀ ಭಾಷಣ ಬಿಗಿದೆಯಲ್ಲೇ, ಮೊದ್ಲೇ ತಿನ್ನಿಸ್ಬಾರ್ದಿತ್ತಾ?" ಎಂದು ಬೆನ್ನಿಗೆ ಗುದ್ದಿದಳು.

ಗರಗಸದವನು ಬಂದಾಗ ಅಕ್ಕ ಮರ ಕಡಿಯುವುದು ಬೇಡವೆಂದಳು. ಅವನು ಪೆಚ್ಚಾಗಿ ನಿಂತ. "ಏನಮ್ಮಾ, ಗರಗಸದ ಹಲ್ಲು ಚೂಪು ಮಾಡ್ಕೊಂಡು ಬಂದಿದ್ದೀನಲ್ಲ!"

"ಅದನ್ನ ಪಕ್ಕಕ್ಕಿಡಪ್ಪ," ಎಂದಳು ಅಕ್ಕ. "ಹಾರೆ ತಗೊಂಡು ಮೇಲಿನ ತೋಟದಲ್ಲಿ ಗುಂಡಿ ತೋಡು. ಮರದ ಸಸಿ ನೆಡಬೇಕು."

ಸಂಜೆಯವರೆಗೂ ನಾನು ಸುಮ್ಮಸುಮ್ಮನೆ ನಗುತ್ತಲೇ ಇದ್ದೆ. ಈಗಲೂ ನಗು ನಿಂತಿಲ್ಲ. ಯಾವ ಜಾತಿಯ ಮರ ಬೇಗ ನೆರಳು ಕೊಡುತ್ತೆ ಎಂದು ಅಕ್ಕ ಪಕ್ಕದ ಕೋಣೆಯಿಂದ ಕೂಗಿ ಕೇಳುತ್ತಿದ್ದಾಳೆ. ಎದ್ದು ಹೋಗಿ ಹೇಳಿಬರಬೇಕು, ಇಲ್ಲದಿದ್ದರೆ ಇವಳು ನನ್ನನ್ನು ಮಲಗಲು ಬಿಡುವುದಿಲ್ಲ.