ನಾಲ್ಕನೇ ಹಾಡಿನ ಮಳೆ

ಬಿಜೆರ್ಟಾ
ನವೆಂಬರ್ 3, 2019, ಭಾನುವಾರ

ಪ್ರೀತಿಯ ಶಿಹಾಬ್,

ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ನಾನೂ ನಿನ್ನ ಅಮ್ಮನೂ ಇದ್ದೇವೆ. ನೀನು ಹಾಡುಗಳನ್ನು ಕಳಿಸಿ ಹನ್ನೆರಡು ದಿನವಾಯಿತು, ಮೂರು ಸಲ ಫೋನನ್ನೂ ಮಾಡಿದೆ, ನಾನು ಎತ್ತಲಿಲ್ಲ. ತಪ್ಪು ತಿಳಿಯಬೇಡ. ಫೋನಿನಲ್ಲಿ ನನ್ನ ದನಿ ನನ್ನ ಮಾತು ಕೇಳುವುದಿಲ್ಲ, ಅದಕ್ಕೇ ಈ ಕಾಗದ. ಟ್ಯೂನಿಸ್‌ಗೆ ಷೇರ್ ಟ್ಯಾಕ್ಸಿ ಓಡಿಸುವ ನಿನ್ನ ಶಾಲೆಯ ಗೆಳೆಯನ ಕೈಲಿ ಕೊಡುತ್ತೇನೆ, ಜೊತೆಗೆ ಹೊಸ ಎಣ್ಣೆಯ ಒಂದು ಬಾಟಲಿ. ಈ ವರ್ಷದ ಆಲಿವ್ ಕಹಿ, ಗಂಟಲಿಗೆ ಹತ್ತುತ್ತದೆ. ಅಮ್ಮ ಅದೇ ಒಳ್ಳೆಯದು ಅನ್ನುತ್ತಾರೆ.

ಒಂಬತ್ತು ಹಾಡನ್ನೂ ಕೇಳಿದೆ. ಕೇಳುವ ಮುಂಚೆ ಹೆದರಿದ್ದೆ. ನಿನ್ನಣ್ಣ ಲಸಾದ್ ಗಿಟಾರನ್ನು ಮಲಗಿದ ಮಗುವನ್ನು ಮುಟ್ಟುವಂತೆ ಮುಟ್ಟುತ್ತಿದ್ದವನು. ಅವನ ದನಿಗೆ ನಿನ್ನ ಯಂತ್ರದ ಡೋಲು ಕಟ್ಟಿದರೆ ಅವನಲ್ಲಿ ಏನುಳಿದೀತು ಅನ್ನಿಸಿತ್ತು. ಆದರೆ ಎರಡನೇ ಹಾಡಿನಲ್ಲಿ ‘ಬಂದೆ’ ಎನ್ನುವ ಅವನ ಒಂದೇ ಮಾತನ್ನು ಮತ್ತೆ ಮತ್ತೆ ತಂದಿದ್ದೀಯಲ್ಲ, ಆಗ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಬಾಗಿಲ ಕಡೆ ನೋಡಿದೆ. ಅಷ್ಟು ಚೆನ್ನಾಗಿ ಮಾಡಿದ್ದೀಯ.

ಈ ಹಾಡುಗಳೆಲ್ಲ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಹುಟ್ಟಿದವು ಎಂಬುದು ನಿನಗೆ ಗೊತ್ತು. ಹೊರಗಿನ ಸದ್ದು ಬರದಿರಲೆಂದು ಪ್ರತಿ ಬಕ್ರೀದಿನ ಕುರಿದೊಗಲನ್ನೂ ಲಸಾದ್ ಮೂರು ಗೋಡೆಗೆ ಹೊಡೆದಿದ್ದ. ಅಡುಗೆಮನೆಯ ಕಡೆಯ ಗೋಡೆ ಮಾತ್ರ ಬರಿದು. ಆ ಉಣ್ಣೆಯ ಧೂಳು ಅವನ ಉಬ್ಬಸಕ್ಕೆ ವಿಷವೆಂದು ಡಾಕ್ಟರು ಹೇಳಿದ್ದರು. ಕೇಳಬೇಕಲ್ಲ. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅವನು ಒಳಗೆ ಹೋಗುವಾಗ, “ಮೂರು ನಿಮಿಷ ಉಸಿರು ಹಿಡಿ ಜಲೀಲಾ, ನಿನ್ನ ಮೌನಾನೂ ಹಾಡಲ್ಲಿ ಬರುತ್ತೆ” ಅನ್ನುತ್ತಿದ್ದ. ನಾನು ಪಾತ್ರೆ ಮುಟ್ಟದೆ, ಕುರ್ಚಿ ಎಳೆಯದೆ ಕೂತಿರುತ್ತಿದ್ದೆ. ಮುಗಿದ ಮೇಲೆ ಆ ಬರಿಗೋಡೆಗೆ ಎರಡು ಸಲ ತಟ್ಟುತ್ತಿದ್ದ. ಆಮೇಲೆ ನಾನು ಕೆಮ್ಮಬಹುದು, ಈರುಳ್ಳಿ ಹೆಚ್ಚಬಹುದು. ಆರು ವರ್ಷ ಹೀಗೇ.

ಮೊನ್ನೆ ಪಕ್ಕದ ಮನೆಯ ಬೇಯಾ ಬಂದಿದ್ದಳು. ಅಮ್ಮ ನನ್ನ ಫೋನ್ ಕಸಿದು ಹಾಡು ಹಾಕಿಸಿದರು.

“ಸತ್ತವನ ಹಾಡಿಗೆ ಊರೆಲ್ಲ ಕುಣಿಯೋ ಹಾಗೆ ಮಾಡಿದಾನಲ್ಲ ನಿನ್ನ ಚಿಕ್ಕ ಮಗ, ಅವನ ಕೈ ಕತ್ತರಿಸ್ಬೇಕು” ಅಂದಳು ಬೇಯಾ.

“ಮೊದ್ಲು ನಿನ್ನ ಕಾಲು ಕತ್ತರಿಸ್ಕೋ. ಅದು ಆಗ್ಲೇ ಕುಣೀತಿದೆ” ಅಂದರು ಅಮ್ಮ.

ಅವನು ಹೋದ ಹದಿನೆಂಟು ತಿಂಗಳಲ್ಲಿ ಅಮ್ಮ ನಕ್ಕದ್ದು ಅದೇ ಮೊದಲು. ಆದರೆ ಅವರಿಗೆ ನಾಲ್ಕನೇ ಹಾಡೇ ಬೇಕು. “ಎರಡನೇದು ಹಾಕ್ಲಾ ಅಮ್ಮ?” ಅಂದರೆ, “ಬೇಡ ಕಣೇ. ನಾಲ್ಕನೇದ್ರಲ್ಲಿ ಅವನು ತುಂಬ ಹತ್ರ ಇದಾನೆ, ಪಕ್ಕದ ಕೋಣೇಲಿ ಇದ್ದ ಹಾಗೆ” ಅನ್ನುತ್ತಾರೆ. ಹಿತ್ತಾಳೆ ಕುಟ್ಟಾಣಿಯಲ್ಲಿ ಶಾಜೀರಿಗೆ ಕುಟ್ಟುತ್ತ ಆ ಬಡಿತಕ್ಕೇ ಕೈ ಕೂಡಿಸುತ್ತಾರೆ. ನಾನು ಎದ್ದು ತಾರಸಿಗೆ ಹೋಗಿಬಿಡುತ್ತೇನೆ.

ಶಿಹಾಬ್, ಆ ನಾಲ್ಕನೇ ಹಾಡನ್ನು ತೆಗೆದುಬಿಡು. ಹದಿನೈದನೇ ತಾರೀಕು ಶುಕ್ರವಾರ ಬಿಡುಗಡೆ ಅಂದಿದ್ದೀಯ, ಇನ್ನೂ ಹನ್ನೆರಡು ದಿನವಿದೆ. ಎಂಟು ಹಾಡು ಸಾಲದೇ? ನೀನು ಏನೆನ್ನುತ್ತೀಯೋ ಗೊತ್ತು. ಹಾಡು ಕಳಿಸಿದ ದಿನವೇ ನೀನು ಬರೆದಿದ್ದೆ: “ಅತ್ತಿಗೆ, ನಾಲ್ಕನೇದೇ ಇದರ ಜೀವ. ರೆಕಾರ್ಡರಿನ ಕಾರ್ಡು ತುಂಬಿ ಅರ್ಧಕ್ಕೆ ನಿಂತಿದೆ, ಆದ್ರೂ ಅದರಲ್ಲಿ ಅಣ್ಣ ಗಿಟಾರಿನ ಮೈಮೇಲೆ ತಾಳ ಹಾಕಿದಾನೆ, ಮಳೇಲಿ ಮುಳುಗಿಹೋಗಿತ್ತು. ಮಳೇನ ಸೋಸಿ ತೆಗೆದು ತಾಳಾನ ಮೇಲೆ ತಂದೆ.” ಆಲ್ಬಮ್ಮಿನ ರಟ್ಟಿನ ಮೇಲೆ ಹಾಡಿನ ಹೆಸರಿನ ಕೆಳಗೆ ‘ಕೊನೆಯ ಬೆಳಿಗ್ಗೆ, ಮಳೆಯಲ್ಲಿ’ ಎಂದು ಅಚ್ಚು ಹಾಕಿಸುವೆಯಂತೆ.

ಹಾಕಿಸಬೇಡ. ಕಾರಣ ಕೇಳಬೇಡ. ನನಗೆ ಹೆದರಿಕೆಯಾಗುತ್ತದೆ. ಮೇಲಿನ ಮನೆಯವರು ಗೋಡೆಗೆ ಮೊಳೆ ಹೊಡೆದರೂ ಎದ್ದು ನಿಲ್ಲುತ್ತೇನೆ. ಫೋನನ್ನು ರವೆ ಡಬ್ಬಿಯೊಳಗೆ ಹುಗಿದಿಡುತ್ತೇನೆ, ಅಮ್ಮ ಹುಡುಕಿ ತೆಗೆಯುತ್ತಾರೆ. ಪಾತ್ರೆ ತೊಳೆಯುವಾಗ ನಲ್ಲಿಯನ್ನು ನೂಲಿನಷ್ಟೇ ಬಿಡುತ್ತೇನೆ. “ಸರಿಯಾಗಿ ತಿರುಗ್ಸೇ, ನೀರೇನು ಔಷಧೀನಾ ಹನಿ ಹನಿ ಬಿಡೋಕೆ?” ಎಂದು ಅಮ್ಮ ಬೈಯುತ್ತಾರೆ. ತಿರುಗಿಸಲು ಕೈ ಬರುವುದಿಲ್ಲ. ನಾಳೆ ಯಾವುದೋ ಮದುವೆಯಲ್ಲಿ, ಯಾವುದೋ ಕಾರಿನಲ್ಲಿ, ಸಾವಿರ ಜನ ಆ ಬಡಿತಕ್ಕೆ ಕೈ ತಟ್ಟುತ್ತಾರೆ. ಅವರಲ್ಲಿ ಒಬ್ಬರು ನಿಂತು, ಇದೇನು ಸದ್ದು ಎಂದು ಕೇಳಿದರೆ?

ನೀನು ಊಟ ಬಿಟ್ಟು ಯಂತ್ರದ ಮುಂದೆ ಕೂರಬೇಡ. ತುಂಬ ಬಡವಾಗಿದ್ದೀಯಂತೆ, ನಿನ್ನ ಗೆಳೆಯ ಹೇಳಿದ. ದೇವರು ನಿನ್ನ ಕಿವಿಯನ್ನೂ ಕೈಯನ್ನೂ ಕಾಯಲಿ, ಅಣ್ಣನ ಆಯುಸ್ಸನ್ನೂ ನಿನಗೇ ಕೊಡಲಿ.

ನಿನ್ನ ಅತ್ತಿಗೆ,
ಜಲೀಲಾ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದು ತೆಗೆದೆ.

ಆ ಕೊನೆಯ ಬೆಳಿಗ್ಗೆ ಬಿಜೆರ್ಟಾದಲ್ಲಿ ಮಳೆ ಬಂದಿರಲಿಲ್ಲ ಶಿಹಾಬ್. ಮಾರುಕಟ್ಟೆಗೆ ಹೋಗಿದ್ದೆ ಎಂದು ನಾನು ನಿಮಗೆಲ್ಲ ಹೇಳಿದ್ದೂ ಸುಳ್ಳು. ಅಡುಗೆಮನೆಯಲ್ಲೇ ಇದ್ದೆ. “ಇನ್ನೊಂದೇ ಸಲ, ಮೂರೇ ನಿಮಿಷ” ಎಂದು ಅವನು ಐದನೇ ಸಲ ಒಳಗೆ ಹೋದ. ಒಲೆಯ ಮೇಲೆ ಕಡಲೆ ಸೀಯುತ್ತಿತ್ತು, ನಾನು ಏಳುವ ಹಾಗಿಲ್ಲ. ಹಾಡು ಕೆಟ್ಟುಹೋಗಲಿ ಎಂದೇ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಅವನು ರೇಗುತ್ತ ಹೊರಗೆ ಬರಲೆಂದು ಕಾದೆ. ನೀರಿನ ಸದ್ದಿನಲ್ಲಿ ನನಗೇನೂ ಕೇಳಲಿಲ್ಲ. ಉಬ್ಬಸ ಬಂದಾಗ ಅವನು ಎಳೆದುಕೊಳ್ಳುವ ಔಷಧಿ ನಲ್ಲಿಯ ಪಕ್ಕದಲ್ಲೇ ಇತ್ತು.

ನೀನು ನೀರು ಸೋಸಿದ ಮೇಲೆ, ಈಗ, ಮೊದಲ ಸಲ ಕೇಳಿದೆ. ಡೋಲು ಶುರುವಾಗುವ ಮುಂಚೆ ಆ ಬಡಿತವನ್ನು ಒಂಟಿಯಾಗಿ ಬಿಟ್ಟಿದ್ದೀಯಲ್ಲ, ಅಲ್ಲಿ ಎಣಿಸಿದೆ. ಹಾಡು ಮುಗಿದರೆ ಅವನು ತಟ್ಟುತ್ತಿದ್ದದ್ದು ಎರಡು. ಇಲ್ಲಿ ಹನ್ನೊಂದಿವೆ, ಕೊನೆಯ ಮೂರು ತಡವಾಗಿ. ಅದು ಗಿಟಾರಿನ ಮೈ ಅಲ್ಲ, ನಮ್ಮ ಗೋಡೆ.

ಅಮ್ಮನಿಗೆ ಹೇಳುವುದೂ ಬಿಡುವುದೂ ನಿನ್ನ ಕೈಲಿದೆ. ಹಾಡು ಇಡುವುದಾದರೆ ಇಡು. ಮಳೆ ಎಂದು ಮಾತ್ರ ಬರೆಯಬೇಡ.